ಮೆಣಸಿನಕಾಯಿ ಮೋಟಾರು

ಹುಬ್ಬಳ್ಳಿಯ ದುರ್ಗದಬೈಲಿನ ಅರಳೆ ವ್ಯಾಪಾರಿ ಕುಬೇರಪ್ಪನವರ ಮೋಟಾರಿನೊಳಗೆ ಆ ಬೆಳಿಗ್ಗೆ ಯಾರು ಬಗ್ಗಿ ನೋಡಿದರೂ ಸೀನುತ್ತಿದ್ದರು. ಮೊದಲು ಡ್ರೈವರ್ ಗೌಸಮೊದ್ದೀನ ಸೀನಿದ. ಅವನ ಹಿಂದೆ ನಿಂತಿದ್ದ ಕೆಲಸದ ಕಾಳವ್ವ ಸೀನಿದಳು. ಏನು ನಡೆದಿದೆಯೆಂದು ನೋಡಲು ಬಂದ ಬೆಕ್ಕು ಕೂಡ ಸೀನಿ, ಮರ್ಯಾದೆ ಹೋದವರ ಹಾಗೆ ಬಾಲವೆತ್ತಿಕೊಂಡು ಹೊರಟುಹೋಯಿತು.

ಹಿಂದಿನ ಸಂಜೆ ಬ್ಯಾಡಗಿಯ ದಾರಿಯಲ್ಲಿ ಚಕ್ಕಡಿಯ ಅಚ್ಚು ಮುರಿದಿತ್ತು. ಕುಬೇರಪ್ಪ ಹಿಂದುಮುಂದು ನೋಡದೆ ಒಣಮೆಣಸಿನಕಾಯಿಯ ಚೀಲಗಳನ್ನು ಮೋಟಾರಿಗೇ ಹೇರಿಸಿ ತಂದಿದ್ದರು. ದಾರಿಯಲ್ಲಿ ಚೀಲ ಒಡೆದಿತ್ತು. ತಂದವರು ಮಾತ್ರ ಬೆಳಗಿನ ರೈಲು ಹತ್ತಿ ಗದಗಿಗೆ ಹೋಗಿ ಪಾರಾಗಿದ್ದರು.

ಅವರ ಹೆಂಡತಿ ಈರವ್ವ ಮೋಟಾರಿನ ಪಾವಟಿಗೆಯ ಮೇಲೆ ಕುಸಿದು ಕುಳಿತಳು. "ಬಸವಣ್ಣಾ, ಇವತ್ತಽ ಆಗಬೇಕಿತ್ತೇನೋ ಇದು!"

ಇವತ್ತು ಧಾರವಾಡಕ್ಕೆ ಹೋಗಿ ಬಸುರಿ ಮಗಳು ಗಿರಿಜೆಯನ್ನು ಚೊಚ್ಚಲ ಬಾಣಂತನಕ್ಕೆ ಕರೆತರಬೇಕು. ನಾಳೆಯಿಂದ ಅವಳಿಗೆ ಎಂಟು ತಿಂಗಳು. ಎಂಟು ಹಿಡಿದ ಮೇಲೆ ಹೆರುವ ತನಕ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲವೆಂದು ಬೀಗತಿ ಚನ್ನವೀರವ್ವ ಹೇಳಿಕಳಿಸಿದ್ದರು. ಇವತ್ತು ತಪ್ಪಿದರೆ ತಪ್ಪಿದಂತೆಯೇ. ಮೊಮ್ಮಗುವಿನ ಮೊದಲ ಅಳು ಈರವ್ವನ ಕಿವಿಗೆ ಬೀಳುವುದಿಲ್ಲ.

ಚನ್ನವೀರವ್ವನಿಗೆ ಶಕುನವೆಂದರೆ ಪ್ರಾಣ, ಅದರಲ್ಲೂ ಸೀನಿನ ಶಕುನ. ಹೊರಡುವಾಗ ಒಂಟಿ ಸೀನು ಕೇಳಿದರೆ ಪಯಣ ರದ್ದು. ಅದರ ಬೆನ್ನಿಗೇ ಇನ್ನೊಂದು ಬಿದ್ದು ಜೋಡಿಯಾದರೆ ಶುಭ. ಹೋದ ನಾಗರಪಂಚಮಿಗೆ ಕರೆತರಲು ಹೋದಾಗ ಗಿರಿಜೆಯ ಟ್ರಂಕು ಮೋಟಾರು ಏರಿತ್ತು, ಗಿರಿಜೆಯ ಒಂದು ಕಾಲೂ ಏರಿತ್ತು. ಅಷ್ಟರಲ್ಲಿ ಗೌಸಮೊದ್ದೀನ ಒಮ್ಮೆ ಸೀನಿದ. ಟ್ರಂಕು ಇಳಿಯಿತು, ಕಾಲೂ ಇಳಿಯಿತು. ಉಂಡೆಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಈರವ್ವ ಧಾರವಾಡದಿಂದ ಹುಬ್ಬಳ್ಳಿಯತನಕ ಅಳುತ್ತ ಬಂದಿದ್ದಳು. ಶಕುನ ನೋಡಬೇಡಿರೆಂದು ಮಠದಲ್ಲಿ ಪುರಾಣ ಹೇಳುವ ಅಯ್ಯನವರು ವರ್ಷವಿಡೀ ಹೇಳುತ್ತಾರೆ. ಈರವ್ವ ಕಂಬಕ್ಕೊರಗಿ ಕೇಳಿದ್ದಾಳೆ. ಆದರೆ ಅದನ್ನು ಬೀಗತಿಗೆ ಹೇಳುವವರು ಯಾರು?

"ಅವ್ವಾರ, ಒಂದ ಬಡಿಗಿ ಕೊಡ್ರಿ. ಗಾದಿ ಹಂಗ ಬಡದ ಬಿಡತೇನಿ," ಎಂದ ಗೌಸಮೊದ್ದೀನ.

"ಬಡಿಗಿ ಯಾಕ ಯವ್ವಾ? ನಾಕ ಕೊಡ ನೀರ ಸುರುವಿದರ ಮುಗೀತು," ಎಂದಳು ಕಾಳವ್ವ, ಕೊಡ ಎತ್ತಿಯೇಬಿಟ್ಟು.

"ನಿಲ್ಲ ಹುಚ್ಚಿ!" ಈರವ್ವ ಎದ್ದು ಸೆರಗು ಬಿಗಿದಳು. "ಬಡದರ ಖಾರ ಓಣಿ ತುಂಬತದ. ನೀರ ಹಾಕಿದರ ಗಾದಿ ತೊಗಲ ತುಂಬ ಸಾರಾಗತದ. ಖಾರ ಕುಟ್ಟೂ ದಿನ ನಾವ ಏನ ಮಾಡತೇವಿ? ಹಂಗಽ ಮಾಡೋಣು. ಮೂಗಿಗೆ ಅರಿವಿ, ಕೈಗೆ ಎಣ್ಣಿ. ಗೌಸೂ, ಎರಡೂ ಕಡೆ ಬಾಗಲಾ ತಗಿ, ಗಾಳಿ ಇತ್ತ ಬಂದು ಅತ್ತ ಹೋಗಲಿ. ಗಾದಿ ಕಿತ್ತ ಹೊರಗ ಇಡು. ಮ್ಯಾಲಿಂದ ಕೆಳಗ ಬರಬೇಕು. ಕೆಳಗಿಂದ ಸುರು ಮಾಡಿದರ ಮಾಡಿದ್ದಽ ಮಾಡಕೋತ ಕೂಡಬೇಕು."

ಬೀಸುವ ಕಲ್ಲಿನ ಹಿಟ್ಟು ಬಳಿಯುವ ಕುಂಚ ಬಂತು. ಮೋಟಾರಿನ ಮೇಲೆ ಕೊಡೆಯಂತೆ ಮಡಚುವ ಬಟ್ಟೆಯ ಟಪ್ಪಿನ ಮಡಿಕೆಗಳಿಂದ ಈರವ್ವ ಧೂಳನ್ನು ಮೆಲ್ಲಗೆ ಇಳಿಸಿದಳು, ಮಲಗಿದ ಕೂಸಿನ ಮೈ ಸವರುವ ಹಾಗೆ. ಆಮೇಲೆ ಅರಳೆ. ಅರಳೆ ವ್ಯಾಪಾರಿಯ ಮನೆಯಲ್ಲಿ ಅರಳೆಗೇನು ಬರ? ಕಾಳವ್ವ ಅದನ್ನು ಉಂಡೆ ಮಾಡಿ, ನೀರಿಗೆ ತೋರಿಸಿ ಹಿಂಡಿ ಕೊಡುವಳು. ಈರವ್ವ ಒಂದೇ ಎಳೆತಕ್ಕೆ ಒರೆಸಿ ಬುಟ್ಟಿಗೆ ಎಸೆಯುವಳು. ಒರೆಸಿದ ಉಂಡೆ ಮತ್ತೆ ತೊಗಲು ಮುಟ್ಟುವ ಹಾಗಿಲ್ಲ. ಬುಟ್ಟಿಯಲ್ಲಿ ಕೆಂಪು ಉಂಡೆಗಳು ಗುಡ್ಡೆಯಾದವು. ಕೈ ಓಡತೊಡಗಿದ ಮೇಲೆ ಬಾಯಿಯೂ ಸುಮ್ಮನಿರಲಿಲ್ಲ. ಪುರಾಣದ ಧಾಟಿ ಅದಾಗಿಯೇ ಹತ್ತಿಕೊಂಡಿತು:

"ಮ್ಯಾಲಿನ ಧೂಳೇ ಕೆಳಗಿಳಿಯೇ, ಕೆಳಗಿನ ಧೂಳೇ ಹೊರನಡಿಯೇ,
ಮಗಳು ಬರುವ ದಾರ್ಯಾಗ ನಿಂದೇನೇ ಕೆಲಸ, ಸರಿಯೇ ಸರಿಯೇ..."

"ಸರಿಯೇ ಸರಿಯೇ," ಎಂದು ಮೂಗಿನ ಅರಿವೆಯೊಳಗಿಂದಲೇ ಗೌಸಮೊದ್ದೀನ ದನಿಗೂಡಿಸಿದ.

ಮೋಟಾರಿನ ಬಾಗಿಲಿಗೆ ಹೊಲಿದ ಚೀಲಗಳಿಂದ ಅಡಕೆಯ ಹೋಳು, ಹತ್ತಿಕಾಳು, ಕುಬೇರಪ್ಪನವರು ಕದ್ದು ತಿಂದ ಪೇಢೆಯ ಪೊಟ್ಟಣ ಎಲ್ಲ ಹೊರಬಂದವು. ಗಾದಿಯ ತೊಗಲಿಗೆ ಕೊಬ್ಬರಿ ಎಣ್ಣೆಯ ಪಸೆ ತಗುಲಿಸಿ ಉಜ್ಜಿದಾಗ ಅದು ಎರಕೊಂಡ ಮದುಮಗನ ಹಾಗೆ ಮಿಂಚಿತು. ಇನ್ನು ನೆಲದ ಹಲಗೆ ಮಾತ್ರ ಉಳಿದಿತ್ತು.

"ಅದನ್ನ ನನಗ ಬಿಡ ಯವ್ವಾ, ನೀ ಸೀರಿ ಉಟಗೊಂಡ ಬಾ," ಎಂದಳು ಕಾಳವ್ವ.

ಈರವ್ವ ಇಳಕಲ್ ಸೀರೆಯುಟ್ಟು ವಿಭೂತಿ ಹಚ್ಚಿಕೊಂಡು ಬಂದರೆ ಗೌಸಮೊದ್ದೀನ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಕಾಳವ್ವ ಮೋಟಾರಿನ ನೆಲವನ್ನು ಸೆಗಣಿಯಿಂದ ಸಾರಿಸಿ, ಅಂಚಿಗೆ ರಂಗೋಲಿಯ ಎಳೆಯನ್ನೂ ಎಳೆದಿದ್ದಳು.

"ಏನ ಮಾಡಿದಿ ಬೇ ಇದು!" ಎಂದಳು ಈರವ್ವ.

"ನೆಲ ಅಂದ ಮ್ಯಾಲ ಸಾರಸೂದು ಬ್ಯಾಡೇನು? ಹಲಗಿ ಸಂದ್ಯಾಗಿನ ಖಾರ ಇನ್ನ ಮ್ಯಾಲ ಬರಲಿ ನೋಡೋಣು!"

"ಸಾಹೇಬರ ಸಂತಾನ ಈ ಮೋಟಾರು," ಎಂದು ಗೌಸಮೊದ್ದೀನ ನರಳಿದ. "ವಿಲಾಯತಿಯಿಂದ ಹಡಗ ಹತ್ತಿ ಬಂದದ್ದು. ಸೆಗಣಿ ಬಳಕೊಂಡು ಧಾರವಾಡಕ್ಕ ಹೊಂಟದ!"

ಈರವ್ವನಿಗೆ ಬೈಯಬೇಕೆಂದಿತ್ತು, ನಗು ಬಂದುಬಿಟ್ಟಿತು. ತೊಳೆಯಲು ಹೊತ್ತಿರಲಿಲ್ಲ. ಗಾದಿಯನ್ನು ಒಳಗಿಡಿಸಿ, ಕಾಲೆತ್ತಿ ಅದರ ಮೇಲಿಟ್ಟುಕೊಂಡು ಹೊರಟಳು. ಉಣಕಲ್ ಕೆರೆಯ ಗಾಳಿ ಬಡಿಯುವಷ್ಟರಲ್ಲಿ ನೆಲ ಒಣಗಿ ನುಣ್ಣಗಾಗಿತ್ತು. ಅಲ್ಲಿ ಮೋಟಾರು ನಿಲ್ಲಿಸಿ ಇಬ್ಬರೂ ಮೂಗಿನ ಅರಿವೆ ಬಿಚ್ಚಿ ಉಸಿರೆಳೆದು ನೋಡಿದರು. ಸೀನಿಲ್ಲ.

"ಗೆದ್ದೇವ್ರಿ ಅವ್ವಾರ!" ಎಂದು ಗೌಸಮೊದ್ದೀನ ಕೆರೆಯ ಬೆಳ್ಳಕ್ಕಿಗಳೆಲ್ಲ ಏಳುವಂತೆ ಹಾರ್ನು ಹಿಂಡಿದ.

ಧಾರವಾಡದಲ್ಲಿ, ಮುರುಘಾಮಠದ ಹತ್ತಿರದ ಮನೆಯೆದುರು ಚನ್ನವೀರವ್ವ ಹಾಲಿನ ಸೌಟು ಹಿಡಿದುಕೊಂಡೇ ಹೊರಬಂದರು. ಹೊಸ್ತಿಲೊಳಗೆ ಹಸಿರು ಸೀರೆ, ಹಸಿರು ಬಳೆಯ ಗಿರಿಜೆ ಉಸಿರು ಬಿಗಿಹಿಡಿದು ನಿಂತಿದ್ದಳು. ತಾಯಿಯನ್ನು ಕಂಡು ತುಟಿ ನಕ್ಕಿತು. ಕಣ್ಣು ಮಾತ್ರ ಅತ್ತೆಯ ಮೇಲೇ ಇತ್ತು.

"ಬಸುರಿ ಕೂಡೂ ಜಾಗಾ. ನಾ ಮೊದಲ ನೋಡತೇನಿ," ಎಂದು ಚನ್ನವೀರವ್ವ ಬಾಗಿಲೊಳಗೆ ಬಗ್ಗಿದರು. ಸಾರಿಸಿದ ನೆಲ ಕಂಡಿತು, ರಂಗೋಲಿ ಕಂಡಿತು. ಹುಬ್ಬು ಮೇಲೇರಿತು. "ಅಗದೀ ಛಲೋ ಬಿಡ್ರಿ! ಮೋಟಾರ ಅಂದ್ರ ಹಿಂಗಿರಬೇಕು, ಮನಿ ಇದ್ದಂಗ." ಸೊಸೆಯ ಗಂಟನ್ನು ಮೋಟಾರಿಗೆ ಇಡಿಸಿ, ಚಪ್ಪಲಿ ಕಳಚಿಟ್ಟು ಒಳಹೊಕ್ಕು ಗಾದಿಯ ಮೇಲೆ ತುಂಬು ಭಾರದಿಂದ ಕುಳಿತರು.

ಗಾದಿ ಉಸ್ಸೆಂದಿತು. ಅದರ ಹಿಂದಿನ ಹೊಲಿಗೆಯಿಂದ, ಕುಂಚ ತಲುಪದ ಮೂಲೆಯಿಂದ, ಸಣ್ಣದೊಂದು ಕೆಂಪು ಧೂಳಿನ ಎಳೆ ಬಿಸಿಲಿನಲ್ಲಿ ಮೇಲೆದ್ದಿತು. ಕಂಡದ್ದು ಈರವ್ವನಿಗೊಬ್ಬಳಿಗೇ.

ಚನ್ನವೀರವ್ವನ ಮೂಗು ಅರಳಿತು. ಕಣ್ಣು ಮುಚ್ಚಿತು. ಸೌಟು ಮೇಲೇರಿತು.

"ಆಕ್ಷೀ!"

ಹೊಸ್ತಿಲು ದಾಟಲು ಎತ್ತಿದ ಗಿರಿಜೆಯ ಕಾಲು ಅಲ್ಲೇ ನಿಂತಿತು. ಎಲ್ಲರೂ ಇನ್ನೊಂದು ಸೀನಿಗೆ ಕಾದರು. ಬರಲಿಲ್ಲ. ಚನ್ನವೀರವ್ವನ ಮುಖ ಪೆಚ್ಚಾಯಿತು. ತನ್ನ ಮೂಗೇ ತನಗೆ ಎರಡು ಬಗೆದಿತ್ತು.

"ಏನ ಮಾಡೂದ್ರಿ ಬೀಗರ," ಎಂದರು ಸಣ್ಣ ದನಿಯಲ್ಲಿ. "ಯಾರದಾದರೇನು, ಒಂಟಿ ಸೀನು ಒಂಟಿ ಸೀನಽ. ಗಂಟು ಇಳಸ..."

'ಇಳಸ್ರಿ' ಎಂಬ ಮಾತು ಪೂರ್ತಿಯಾಗುವ ಮೊದಲೇ ಈರವ್ವ ಹಾರಿದಳು. ಇಳಕಲ್ ಸೀರೆ ಎತ್ತಿಕಟ್ಟಿ, ಮೋಟಾರಿನೊಳಗೆ ನುಗ್ಗಿ, ಬೀಗತಿಯ ಪಕ್ಕದಲ್ಲಿ ಇದ್ದಬಿದ್ದ ಭಾರವನ್ನೆಲ್ಲ ಹಾಕಿ ದೊಪ್ಪನೆ ಕುಳಿತಳು. ಹೊಲಿಗೆ ಬಾಯಿಬಿಟ್ಟಿತು. ಕೆಂಪು ಧೂಳು ಭುಸ್ಸೆಂದು ಎದ್ದಿತು.

"ಆಕ್ಷೀ!" ಎಂದರು ಚನ್ನವೀರವ್ವ.

"ಜೋಡಿ!" ಎಂದು ಈರವ್ವ ಚಪ್ಪಾಳೆ ತಟ್ಟಿ, ತಾನೇ ಸೀನಿದಳು. "ಆಕ್ಷೀ!"

"ಮತ್ತ ಒಂಟಿ ಆತಲ್ಲ!" ಎಂದು ಚನ್ನವೀರವ್ವ ಸೌಟಿನಿಂದ ಡ್ರೈವರನ ಬೆನ್ನು ತಿವಿದರು. "ಏ ಗೌಸೂ, ಪಂಚಮಿಗೆ ಕೇಳಲಾರದ ಸೀನಿದ್ದಿ, ಈಗ ಸೀನೋ!"

"ಹೇಳಿದರ ಬರತದೇನ್ರಿ ಅ... ಅ... ಆಕ್ಷೀ!"

ಗಿರಿಜೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಬಳೆಗಳೂ ಅವಳ ಜೊತೆ ನಕ್ಕವು. ಚನ್ನವೀರವ್ವ ಮೊದಲು ಹಲ್ಲು ಕಚ್ಚಿ ನೋಡಿದರು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಸೌಟು ಅಲ್ಲಾಡಿಸುತ್ತ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಹತ್ತ ಗಿರಿಜಾ, ಲಗೂ ಹತ್ತು! ಇನ್ನೊಬ್ಬರು ಸೀನೂದ್ರೊಳಗ ಓಣಿ ದಾಟಬೇಕು. ಹೊಡಿಯೋ ಗೌಸೂ!"

"ನೀವು ಇಳೀರಲ್ರಿ?" ಎಂದಳು ಈರವ್ವ.

"ಜೋಡಿ ಸೀನ ಬಿದ್ದ ಮ್ಯಾಲ ಗಾಡಿ ಇಳಿತಾರೇನ್ರಿ? ಅಪಶಕುನ!" ಎಂದು ಗಾದಿಯ ಮೇಲೆ ಇನ್ನಷ್ಟು ಒತ್ತಿ ಕುಳಿತರು.

ಹೀಗೆ ಬಸುರಿ ಮಗಳ ಜೊತೆಗೆ ಬೀಗತಿಯೂ, ಬೀಗತಿಯ ಜೊತೆಗೆ ಸೌಟೂ ಹುಬ್ಬಳ್ಳಿಯ ದಾರಿ ಹಿಡಿದವು. ಯಾವ ವಾಸನೆಯೂ ಒಗ್ಗದೆ ತಿಂಗಳುಗಟ್ಟಲೆ ಮೂಗು ಮುಚ್ಚಿಕೊಂಡೇ ಇದ್ದ ಗಿರಿಜೆ ನೆಲದತ್ತ ಬಗ್ಗಿ ಉಸಿರೆಳೆದುಕೊಂಡಳು. "ಅವ್ವಾ, ನಮ್ಮ ಪಡಸಾಲಿ ವಾಸನಿ," ಎಂದು ತಾಯಿಯ ಹೆಗಲಿಗೆ ತಲೆಯಿಟ್ಟಳು. ಈರವ್ವ ಮಗಳ ಕೈಯನ್ನು ತನ್ನ ಎಣ್ಣೆಗೈಯೊಳಗೆ ಹಿಡಿದುಕೊಂಡಳು.

ಉಣಕಲ್ ಕೆರೆ ಕಂಡಿತು. ಹಾರ್ನಿಗೆ ಚಾಚಿದ ಗೌಸಮೊದ್ದೀನನ ಕೈ ನಡುವೆಯೇ ನಿಂತಿತು, ಮೂಗು ಅರಳಿತು.

"ಆಕ್ಷೀ!"

"ಇನ್ನೊಂದೋ!" ಎಂದು ಹಿಂದಿನಿಂದ ಮೂವರು ಹೆಂಗಸರೂ ಒಟ್ಟಿಗೆ ಗಾದಿಯ ಮೇಲೆ ಕುಪ್ಪಳಿಸಿದರು.