ವಿಭೂತಿ ಹಚ್ಚಿದ ಜಾಕೆಟ್

ಶಹಾಬಾದಿನ ಹಳೆಯ ಖಣಿಯಲ್ಲಿ ನೀರು ನಿಂತು ಎಷ್ಟೋ ವರ್ಷವಾಗಿತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕಡಿದು ಕಡಿದು ಬಿಟ್ಟ ಗುಂಡಿ ಅದು. ಅಂಚಿನಿಂದ ಒಂದು ಹೆಜ್ಜೆ ತಪ್ಪಿದರೆ ಆಳವೇ. ಓಣಿಯವರು ಗಣಪತಿಯನ್ನು ಬಿಡುವುದು ಅಲ್ಲೇ. ಖಾಲಿ ಡ್ರಮ್ಮುಗಳಿಗೆ ಹಲಗೆ ಬಿಗಿದು, ಗಣಪತಿಯನ್ನು ಕೂರಿಸಿಕೊಂಡು ನಡುನೀರಿಗೆ ಹೋಗುವ ಮರ್ಯಾದೆ ಸೂಗಪ್ಪನದು. ಅವನಿಗೆ ಈಜು ಬರುವುದಿಲ್ಲ. ಅದು ಓಣಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಆಡುತ್ತಿರಲಿಲ್ಲ.

ಈ ಸಲ ಅವನ ಅಣ್ಣನ ಮಗಳು ಉಮಾದೇವಿ ರಜೆಗೆ ಬಂದಿದ್ದಳು. ಮಂಗಳೂರಿನಲ್ಲಿ ಕೋಸ್ಟ್ ಗಾರ್ಡ್ ಅಧಿಕಾರಿ. ಸಮುದ್ರಕ್ಕೆ ಹೊರಟ ದೋಣಿ ತಡೆದು, ನೀರಲ್ಲಿ ತೇಲಿಸುವ ಲೈಫ್ ಜಾಕೆಟ್ ಇದೆಯೇ, ಹಗ್ಗ ಗಟ್ಟಿಯಿದೆಯೇ ಎಂದು ನೋಡುವ ಕೆಲಸ. ಜಾಕೆಟ್ಟನ್ನು ತಲೆದಿಂಬು ಮಾಡಿಕೊಂಡವರನ್ನು ಕಂಡವಳು. ಅದಿಲ್ಲದೆ ಹೋಗಿ ತಿರುಗಿ ಬರದವರ ಮನೆ ಬಾಗಿಲಲ್ಲೂ ನಿಂತವಳು. ಕಾಕಾನ ಡ್ರಮ್ಮಿನ ತೆಪ್ಪ ನೋಡಿದ್ದೇ ಒಂದು ಕಾಲಿಟ್ಟು ಅದುಮಿದಳು, ಹಲಗೆ ವಾಲಿತು. ಓಡಿಹೋಗಿ ಅಗ್ನಿಶಾಮಕದವರ ಹತ್ತಿರ ಒಂದು ಜಾಕೆಟ್, ಒಂದು ಹಗ್ಗ ಕೇಳಿ ತಂದಳು.

"ಕಾಕಾ, ಇದನ್ನ ಹಾಕ್ಕೋರಿ."

"ನಿನ್ನ ಸಮುದ್ರದ ಅಂಗಿ ಇಲ್ಲ್ಯಾಕ ತಂದಿ ಮಗಳ? ಈ ನೀರಾಗ ಉಪ್ಪಿಲ್ಲ, ತೆರಿ ಇಲ್ಲ."

"ಉಪ್ಪಿಲ್ಲದ ನೀರಾಗ ಇನ್ನಾ ಜಲ್ದಿ ಮುಣಗ್ತಾರ್ರಿ."

ಸುತ್ತಲಿನವರು ನಕ್ಕರು. ಸೂಗಪ್ಪ ನಗಲಿಲ್ಲ. "ದೇವರನ್ನ ಹಿಡಿಯೋನು ನಾ. ಯಾರ್ಯಾರೋ ತೊಟ್ಟಿದ್ದು ತೊಟ್ಟು ಹ್ಯಾಂಗ ಮುಟ್ಟಲಿ? ಮಡಿ ಅಂಬೋದು ಅದನೋ ಇಲ್ಲೋ?"

ಬಂದರಿನಲ್ಲಾದರೆ ಒಂದೇ ಮಾತಿಗೆ ದೋಣಿ ತಿರುಗಿಸುತ್ತಿದ್ದಳು. ಇಲ್ಲಿ ಎತ್ತಿ ಆಡಿಸಿದ ಕಾಕಾ, ಅದೂ ಓಣಿಯ ಎದುರಿಗೆ. ಅವಳು ವಾದಕ್ಕೆ ನಿಲ್ಲಲಿಲ್ಲ. ಜಾಕೆಟ್ಟಿಗೆ ಎರಡು ಕೊಡ ನೀರು ಸುರಿದು ತೊಳೆದಳು. ಚಿಗವ್ವ ಗುರುಲಿಂಗಮ್ಮನಿಂದ ವಿಭೂತಿ ಗಟ್ಟಿ ಇಸಿದುಕೊಂಡು ಅದರ ಎದೆಯ ಮೇಲೆ ಮೂರು ಬೆರಳು ಎಳೆದಳು.

"ಈಗ ಇದೂ ನಮ್ಮ ಮನಿದಾತ್ರಿ, ಕಾಕಾ."

"ಹಾಕ್ಕೋರಿ," ಅಂದಳು ಗುರುಲಿಂಗಮ್ಮ. "ಇಲ್ಲಂದ್ರ ನಾನೂ ಹಲಗಿ ಮ್ಯಾಲೆ ಬಂದು ಕುಂದರ್ತೀನಿ."

"ನೀ ಕುಂತ್ರ ಗಣಪ್ಪಗ ಜಾಗ ಎಲ್ಲದ?" ಎಂದು ಗೊಣಗುತ್ತಲೇ ಸೂಗಪ್ಪ ತೋಳು ತೂರಿಸಿದ. ಉಮಾದೇವಿ ಪಟ್ಟಿಗಳನ್ನೆಲ್ಲ ಬಿಗಿದು, ಬೆನ್ನಿಗೆ ಹಗ್ಗ ಕಟ್ಟಿ, ತುದಿಯನ್ನು ತಾನೇ ಹಿಡಿದಳು.

ನಡುನೀರಿನಲ್ಲಿ ಅವನು ಗಣಪತಿಯನ್ನು ನೂಕಿದ. ಭಾರವೆಲ್ಲ ಒಂದೇ ಕಡೆ ಬಿದ್ದು ಹಲಗೆ ಮಗುಚಿತು. ದೇವರ ಹಿಂದೆ ಅವನೂ ಹೋದ. ದಂಡೆಯ ಮೇಲೆ ಬಾರಿಸುತ್ತಿದ್ದ ವಾದ್ಯದ ಸದ್ದು ನಿಂತಿತು. ಉಮಾದೇವಿಯ ಕೈಯಲ್ಲಿ ಹಗ್ಗ ಸಡಿಲಾಗಿತ್ತು, ಅವಳು ಅದನ್ನು ಮುಂಗೈಗೆ ಸುತ್ತಿಕೊಂಡಳು. ಸಮುದ್ರದಲ್ಲಿ ಯಾರನ್ನು ಎಳೆಯುವಾಗಲೂ ಅವಳು ಹೀಗೆ ಸುತ್ತಿಕೊಂಡಿರಲಿಲ್ಲ.

ಜಾಕೆಟ್ಟಿನ ಕಿತ್ತಳೆ ಬಣ್ಣ ಬುಸಕ್ಕನೆ ಮೇಲೆ ಬಂತು. ಹಿಂದೆಯೇ ಕೆಮ್ಮುವ ಬೋಳುತಲೆ. ಅವಳು ಜಗ್ಗಿದಳು, ಹುಡುಗರೆಲ್ಲ ಕೈಜೋಡಿಸಿದರು.

ಕಲ್ಲಿನ ಮೇಲೆ ಬಂದು ಕೂತವನು ನೀರು ಉಗುಳಿ ಮೊದಲು ಕೇಳಿದ್ದು, "ಗಣಪ್ಪ ಮುಣಗಿದನೇನು?"

"ಮುಣಗಿದ್ನ್ರಿ."

"ಹಂಗಾದ್ರ ನಂದೂ ನಿಂದೂ ಯಾರ ಕೆಲಸಾನೂ ಕೆಡಲಿಲ್ಲ."

ಗುರುಲಿಂಗಮ್ಮ ಅಳುತ್ತಲೇ ಬೈದಳು, ಬೈಯುತ್ತಲೇ ಸೆರಗಿನಿಂದ ಅವನ ತಲೆ ಒರೆಸಿದಳು. ಉಮಾದೇವಿ ಬೆನ್ನಿನ ಹಗ್ಗದ ಗಂಟು ಬಿಚ್ಚಿದಳು. ಅಲ್ಲೇ ಕುಕ್ಕರಿಸಿ, ಅದನ್ನು ಸುತ್ತಿಟ್ಟಳು. ಆಮೇಲೆ ಜಾಕೆಟ್ ಬಿಚ್ಚಲು ಕೈ ಚಾಚಿದಳು. ಸೂಗಪ್ಪ ಆ ಕೈ ಹಿಡಿದ.

"ಇರಲಿ ಬಿಡು. ಮನಿ ತನಕ ಹಿಂಗೇ ಬರ್ತೀನಿ."

ದಾರಿಯುದ್ದ ಬಾಗಿಲಿಗೆ ಬಂದವರೆಲ್ಲ ಇದೇನು ವೇಷ ಎಂದು ಕೇಳಿದರು. ಸೂಗಪ್ಪ ಪ್ರತಿ ಮನೆಯ ಮುಂದೆಯೂ ನಿಂತು ಹೇಳಿದ: "ನಮ್ಮ ಉಮಾನ ನೌಕರಿ ಏನಂತ ಕೇಳ್ತಿದ್ರಲ್ಲ? ಇದೇ ನೋಡ್ರಿ."