ತಿಳಿಯಾದ ಹೊಳೆ

ಗುತ್ತಲದ ಆಚೆ ಟ್ಯಾಂಕರ್ ಮಗುಚಿ, ಬಾಯ್ಲರಿಗೆ ಉರಿಸುವ ಕಪ್ಪೆಣ್ಣೆಯೆಲ್ಲ ತುಂಗಭದ್ರೆಗೆ ಇಳಿದಿತ್ತು. ಏನು ಮಾಡಬೇಕೆಂದು ತೀರ್ಮಾನಿಸುವ ಹೊಣೆ ಹಾವೇರಿಯಿಂದ ಬಂದ ಪರಿಸರ ಅಧಿಕಾರಿ ಸುಭಾಷನದು. ಊರೂ ಅವನದೇ, ಹೊಳೆಯೂ ಅವನದೇ. ಅದೇ ಕುತ್ತಿಗೆಗೆ ಬಂತು.

ತೇಲುವ ತಡೆಪಟ್ಟಿ ಕಟ್ಟಿ, ಎಣ್ಣೆಯನ್ನು ಒಂದೆಡೆ ಕೂಡಿಸಿ ಮೊಗೆದು ತೆಗೆಯಬೇಕು; ಆ ಪಟ್ಟಿ ಬರುವುದು ನಾಡಿದ್ದು. ಇಲ್ಲವೇ ಜೀಪಿನಲ್ಲಿ ತಂದಿದ್ದ ಡ್ರಮ್ಮಿನ ರಾಸಾಯನಿಕ ಸಿಂಪಡಿಸಬೇಕು. ಅದು ಎಣ್ಣೆಯನ್ನು ತೆಗೆಯುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಕಳಿಸುತ್ತದೆ. ಆಳದ ಸಮುದ್ರಕ್ಕಾದರೆ ಸರಿ, ಜನ ಕುಡಿಯುವ ಹೊಳೆಗೆ ಬೇಡವೆಂದು ಅವನೇ ಸಭೆ ಸಭೆಗಳಲ್ಲಿ ಹೇಳಿದ್ದ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ!

ಮರುದಿನ ಹೊಳೆಗೆ ಉಡಿ ತುಂಬುವುದಿತ್ತು. ಹೆಂಗಸರು ಖಣ, ಬಳೆ, ಅಕ್ಕಿ ಒಯ್ದು ಹೊಳೆಗೆ ಅರ್ಪಿಸಿ, ಮೊದಲ ಬೊಗಸೆ ನೀರನ್ನು ಮನೆಯ ಬಸುರಿಗೆ ಕುಡಿಸುವುದು ಪದ್ಧತಿ. ಊರ ಮುಖಂಡ ಗುಡದಪ್ಪ ಬೆನ್ನು ಬಿಡಲಿಲ್ಲ.

"ಕರೀ ಹೊಳಿಗೆ ಉಡಿ ತುಂಬಬೇಕೇನ್ರಿ ಸಾಹೇಬ್ರ? ನೀವು ಇದ್ದೂ ಏನೂ ಮಾಡಲಿಲ್ಲ ಅಂತಾರ ಮಂದಿ."

ಸುಭಾಷನ ತಾಯಿ ಹೊಳಿಯವ್ವ ದಂಡೆಯಲ್ಲಿ ಕೋಲು ಹಿಡಿದು ಕೂತು, ಕೊಡ ತಂದವರನ್ನೆಲ್ಲ ಗದರಿಸಿ ಅಟ್ಟುತ್ತಿದ್ದಳು. ಮಗನನ್ನು ಕಂಡು, ಹೊಳೆಯತ್ತ ಕೈ ತೋರಿ ಕಣ್ಣೀರು ತಂದಳು. "ನಮ್ಮವ್ವನ ಮಾರಿ ತೊಳಿಯಪಾ, ಸುಭಾಷ."

ಸಿಂಪಡಿಸಲು ಹೇಳಿದ. ಸಂಜೆಗೆ ಹೊಳೆ ತಿಳಿಯಾಯಿತು. ಮೇಲೆ ಥಳಕು, ಒಳಗೆ ಹುಳುಕು. ನೀರು ಮುಟ್ಟಬಾರದೆಂದು ಡಂಗುರವನ್ನೇನೋ ಹೊಡೆಸಿದ. ಆದರೆ ಕಣ್ಣೆದುರು ಹೊಳೆ ಹೊಳೆಯುವಾಗ ಡಂಗುರ ಯಾರಿಗೆ ಬೇಕು? "ನನ್ನ ಮಗ ಹೊಳಿ ತೊಳದಾನ" ಎಂದು ತಾಯಿ ಓಣಿಯ ತುಂಬ ಹೇಳಿಕೊಂಡು ತಿರುಗಿದಳು. ಅಲ್ಲವೆಂದು ಬಾಯಿಬಿಟ್ಟು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಹೇಗೂ ಡಂಗುರ ಕೇಳಿರುತ್ತಾಳೆ ಎಂದುಕೊಂಡ.

ಬೆಳಿಗ್ಗೆ ಕೆಳಗಿನ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸುಭಾಷ ಮನೆಗೆ ಓಡಿದ. ಕಟ್ಟೆಯ ಮೇಲೆ ತಾಯಿ, ಪಕ್ಕದಲ್ಲಿ ತುಂಬು ಬಸುರಿ ಹೆಂಡತಿ ಸುನಿತಾ ಹಸಿರು ಬಳೆ ತೊಟ್ಟು ಕೂತಿದ್ದಳು. ನಡುವೆ ಬರಿದಾದ ಹಿತ್ತಾಳೆ ತಂಬಿಗೆ ಇತ್ತು.

"ಯವ್ವಾ, ಡಂಗುರ ಕೇಳಲಿಲ್ಲೇನ?"

"ಕೇಳೇನಿ. ಅದು ಮಂದಿಗೆ. ನಿನ್ನೆ ಒಬ್ಬಾಕಿಗೂ ನೀರು ಮುಟ್ಟಾಕ ಬಿಟ್ಟಿಲ್ಲ ನಾನು," ಎಂದು ಹೊಳಿಯವ್ವ ಸೊಸೆಯ ತಲೆ ಸವರಿದಳು. "ಇವತ್ತು ನೀ ತೊಳದೀ ಅಂತ ನಂಬಿ, ಹೊಟ್ಟಿ ತುಂಬ ಕುಡಿಸೇನಿ."