ಹೆಸರಿನ ಹಿಂದೆ ತಿರುಗುವ ಫ್ಯಾನು

ಫ್ಯಾನು ನಿಂತಿತು, ಜುಲ್ಫಿಕಾರ ಭಾಯಿ ಬಂದ್ ಮಾಡಿರಬೇಕು, ಹಾಡು ಎಲ್ಲರಿಗೂ ಕೇಳಲಿ ಎಂದು, ಪರದೆಯ ಮೇಲಿನ ಸಂದಿಯಲ್ಲಿ ಮೂರು ರೆಕ್ಕೆಗಳು ಬೇರೆಬೇರೆಯಾಗಿ ಕಂಡು, ಒಲ್ಲದ ಮನಸ್ಸಿನಿಂದ ಇನ್ನೊಂದು ಸುತ್ತು ಬಂದು ನಿಂತೇಬಿಟ್ಟವು, ನಾನು ಈಚೆ ಗ್ಯಾಸಿನ ಪಕ್ಕ ಕೂತು ಕಪ್ಪು-ಬಸಿ ಒರೆಸುತ್ತಿದ್ದೇನೆ, ಒಂದಕ್ಕೊಂದು ತಾಗದ ಹಾಗೆ, ಸದ್ದಾಗದ ಹಾಗೆ — ಆಚೆ ಅಫ್ತಾಬ ತನ್ನ ಸ್ಪೀಕರನ್ನು ನಮ್ಮ ಟ್ರಂಕಿನ ಮೇಲೆ ಇಟ್ಟಿದ್ದಾನೆ, ಅವನ ಪಕ್ಕ ಅವನ ಅಮ್ಮ, ನನ್ನ ಬಾಯಿಗೆ ಸಕ್ಕರೆ ಹಾಕಲು ಬಂದವರು, ಸಕ್ಕರೆ ಬಾಯಿಗೆ ಬಿದ್ದರೆ ಮದುವೆಯ ಮಾತು ಗಟ್ಟಿಯಾದ ಹಾಗೆ, ಆಮೇಲೆ ಒಲ್ಲೆ ಅಂದರೆ ಧಾರಾವಿಯ ಈ ಗಲ್ಲಿಯಿಂದ ಹಿಡಿದು ನಮ್ಮೂರು ಇಂಡಿಯಲ್ಲಿರುವ ಮಂದಿಯವರೆಗೆ ನನ್ನ ಅಮ್ಮಾ ಎಲ್ಲಿಯೂ ತಲೆ ಎತ್ತುವಂತಿಲ್ಲ. ಹಾಡು ಶುರುವಾಯಿತು, ಬರೀ ಕೀಬೋರ್ಡು, ನಲ್ಲಿ ಸರಿಯಾಗಿ ಬಂದಾಗದೆ ಹನಿ ಬೀಳುವ ಹಾಗೆ ಒಂದೊಂದೇ ಸ್ವರ, ಅದರ ಮೇಲೆ ಅವನ ದನಿ, ಎಷ್ಟು ಮೆತ್ತಗೆ ಅಂದರೆ ಅಂಟಿದ ತುಟಿ ಬಿಡುವುದೂ ಕೇಳುತ್ತದೆ, ಈ ಹಾಡನ್ನು ನನಗೆ ಕಳಿಸುವ ಮೊದಲೇ ಫೋನಿನಲ್ಲಿ ಹೇಳಿದ್ದ, ಸುಮ್ನೆ ಲವ್ ಸಾಂಗ್ ಅಲ್ಲ ಮುಬೀನಾ, ಪವರ್ ಬ್ಯಾಲಡ್ ಹೈ ಯೇ, ಪಹಲೇ ಏಕದಂ ಸಾಫ್ಟ್ ಇರಬೇಕು, ಫಿರ್ ಡ್ರಮ್ ಬರ್ತದ, ಗಿಟಾರ್ ಬರ್ತದ, ಲಾಸ್ಟಿಗೆ ಎಲ್ಲಾ ಸ್ಟಾಪ್, ಖಾಲಿ, ಅಲ್ಲಿ ನಿನ್ನ ಹೆಸರು, ಅದರ ನಂತರ ಪೂರಾ ಹಾಡು ಒಂದ್ ಮೆಟ್ಲಾ ಮ್ಯಾಲೆ ಹೋಗ್ತದ, ಹುಡುಗಿಯರು ಅಲ್ಲೇ ಅಳ್ತಾರ, ನೋಡ್ತಿರು. ಯಾವ ಹುಡುಗಿಯರು ಎಂದು ನಾನು ಕೇಳಲಿಲ್ಲ, ಕೇಳುವ ಬಾಯಿ ನನಗೆಲ್ಲಿದೆ, ಏಳನೆಯ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಅಂದಾಗ ಬಾಯಿ ಬರದೆ ನಿಂತವಳು, ಮರುದಿನ ಹೋಗಲಿಲ್ಲ, ಅದರ ಮರುದಿನವೂ ಇಲ್ಲ, ಹಾಗೇ ಶಾಲೆ ಮುಗಿಯಿತು — ಆದರೆ ಹಾಡು ಬಂದ ದಿನ ಅತ್ತುಬಿಟ್ಟೆ, ಅವನು ಹೇಳಿದ ಜಾಗದಲ್ಲೇ ಅತ್ತೆ, ಭಾಭಿಯ ಇಯರ್‌ಫೋನ್ ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಅತ್ತಾದ ಮೇಲೆ ಸಿಟ್ಟು ಬಂತು, ನಾನು ಎಲ್ಲಿ ಅಳುತ್ತೇನೆ ಎಂದು ನನಗಿಂತ ಮೊದಲೇ ಅವನಿಗೆ ಹೇಗೆ ಗೊತ್ತು.

ಈಗ ಡ್ರಮ್ಮು, ಹೌದು, ಬಂತು, ಬಸಿಗಳು ನಡುಗುತ್ತಿವೆ, ಇದೇ ಮೋಸ ಇದರದ್ದು, ಮೊದಲು ಪಿಸುಗುಟ್ಟುತ್ತದೆ, ಕೇಳುವುದಿಲ್ಲವಲ್ಲ ಎಂದು ನಾವೇ ಕಿವಿ ಹತ್ತಿರ ಒಯ್ಯುತ್ತೇವೆ, ಅವತ್ತು ವಾಲ್ಯೂಮ್ ಹೆಚ್ಚಿಸಿದವಳು ನಾನೇ, ಆಮೇಲೆ ಎಲ್ಲಾ ನನ್ನ ಮೇಲೆಯೇ ಬಿತ್ತು, ಗಿಟಾರ್ ಯಾರನ್ನೋ ಹೂಳಿ ಬಂದವರ ಹಾಗೆ ಅಳುತ್ತದೆ, ಅವನ ದನಿ ಹರಿದೇ ಹೋಗುತ್ತದೆ ಅನ್ನಿಸುತ್ತದೆ, ಹರಿಯುವುದಿಲ್ಲ, ಹರಿಯುವುದಿಲ್ಲ ಎಂದು ಅವನಿಗೆ ಗೊತ್ತು, ಎಷ್ಟು ಸಲ ಹಾಡಿದ್ದಾನೋ. ಎರಡನೆಯ ಸಲ ಅಳದೆ ಕೇಳಿದೆ, ಮೂರನೆಯ ಸಲ ಫ್ಯಾನು ಕೇಳಿಸಿತು. ಎಲ್ಲಾ ನಿಂತು ಖಾಲಿಯಾಗುವ ಆ ಜಾಗದಲ್ಲಿ ಮುಬೀನಾ ಅನ್ನುತ್ತಾನಲ್ಲ, ಅದರ ಹಿಂದೆ ಟಕ್, ಟಕ್, ಟಕ್, ರೆಕ್ಕೆ ಎಲ್ಲೋ ತಾಗುವ ಸದ್ದು, ಬೈಕುಲ್ಲಾದ ಅವನ ಖೋಲಿಯ ಫ್ಯಾನು ಅದು, ಅವನು ಫೋನ್ ಮಾಡಿದಾಗಲೆಲ್ಲ ಕೇಳುತ್ತೇನೆ, ಅವನು ಮಾತಾಡುವಾಗ ನಾನು ಸುಮ್ಮನಿರುತ್ತೇನೆ, ಸುಮ್ಮನಿರುವವರಿಗೆ ಫ್ಯಾನೂ ಕೇಳುತ್ತದೆ. ಹಾಡಿದ್ದೋ ಅಂಧೇರಿಯಲ್ಲಿ, ಅವನು ವೈರು ಜೋಡಿಸುವ ಸ್ಟುಡಿಯೋದಲ್ಲಿ, ಗಾಜಿನ ಖೋಲಿ, ಅಲ್ಲಿ ಏಸಿ ಕೂಡ ಬಂದ್ ಮಾಡಿಯೇ ಹಾಡುತ್ತಾರಂತೆ, ಅವನೇ ಹೇಳಿದ್ದು, ಹಾಡಿನ ಶುರುವಿನಲ್ಲಿ ತುಟಿ ಬಿಡುವುದು ಕೇಳುತ್ತದೆ, ಉಸಿರು ಕೇಳುತ್ತದೆ, ಫ್ಯಾನು ಇಲ್ಲ, ಹೆಸರು ಬರುವ ಮೊದಲು ಇಲ್ಲ, ಬಂದು ಹೋದ ಮೇಲೆ ಇಲ್ಲ, ನನ್ನ ಹೆಸರಿನಷ್ಟು ಹೊತ್ತು ಮಾತ್ರ ತಿರುಗಿ ನಿಲ್ಲುತ್ತದೆ, ಅಂದರೆ ಹಾಡು ಮೊದಲೇ ಇತ್ತು, ನಾನು ಆಮೇಲೆ ಬಂದೆ, ಹಳೆಯ ಲೆದರ್ ಜಾಕೆಟ್ಟಿನ ಕಿಸೆ ಬಿಚ್ಚಿ ಹೊಸದು ಹಚ್ಚುತ್ತೇವಲ್ಲ ಕಾರಖಾನೆಯಲ್ಲಿ, ಬಣ್ಣ ಕೂಡುತ್ತದೆ, ಹೊಲಿಗೆ ಕೂಡುತ್ತದೆ, ಕೈಗೆ ಮಾತ್ರ ತಣ್ಣಗೆ ಹತ್ತುತ್ತದೆ. ಆರಿಫಾ ಭಾಭಿಗೆ ಹೇಳಿದರೆ ನಕ್ಕಳು, ಅಯ್ಯ ಹುಚ್ಚಿ, ಮಂದಿ ಮುಂದ ನಿನ್ನ ಹೆಸರ ಹಾಡಾಕ ನಾಚಿರಬೇಕು, ಮನ್ಯಾಗ ಕುಂತು ಹಾಡಿ ಹಚ್ಯಾನ, ನಿಮ್ಮ ಭಾಯಿ ನನಗ ಹಾಡೋದ ಇರ್ಲಿ, ಹೆಸರ ಹಿಡದೂ ಕರದಿಲ್ಲ, ಏ ಅಂತಾನ, ಅಷ್ಟ. ಇರಬಹುದು. ನಾಚಿರಬಹುದು. ಆದರೆ ನಾಚುವವನು ಹುಡುಗಿಯರು ಅಳ್ತಾರ ಅನ್ನುತ್ತಾನೆಯೇ, ನಾನು ನಾಚುವವಳು, ನನಗೆ ಗೊತ್ತು, ನಾಚುವವರು ಸ್ಪೀಕರ್ ಹೊತ್ತು ಬರುವುದಿಲ್ಲ —

ನಿಂತಿತು ಹಾಡು, ಆ ಜಾಗ ಬಂತು, ಖಾಲಿ, ಕೈಯಲ್ಲಿ ಕೊನೆಯ ಕಪ್ಪು, ಮುಬೀನಾ ಅಂದ, ಟಕ್, ಟಕ್, ಟಕ್, ನಮ್ಮ ಫ್ಯಾನು ನಿಂತೇ ಇದೆ, ಹಾಡಿನೊಳಗಿನದು ತಿರುಗುತ್ತಿದೆ, ನಿಂತಿತು, ಹಾಡು ಮೇಲಿನ ಮೆಟ್ಟಿಲಿಗೆ ಹಾರಿತು, ಆಚೆ ಯಾರೋ ಮೂಗೆಳೆದರು, ಅಮ್ಮಾ ಇರಬೇಕು, ಅಮ್ಮಾ ಕೂಡ ಅದೇ ಜಾಗದಲ್ಲಿ. ಈಗ ಮತ್ತೆ ಬರೀ ಕೀಬೋರ್ಡು, ಏನೂ ಆಗೇ ಇಲ್ಲ ಅನ್ನುವ ಹಾಗೆ ಮೆತ್ತಗೆ, ಮುಗಿಯಿತು, ಮಾಶಾಅಲ್ಲಾ ಎಂದ ಜುಲ್ಫಿಕಾರ ಭಾಯಿ, ಇವನ ಗಂಟಲದಾಗ ಏನೋ ಐತಿ ಎಂದ, ಭಾಭಿ ಪರದೆ ಸರಿಸಿ ನನ್ನ ತೋಳು ಹಿಡಿದು ಕರೆದೊಯ್ದಳು, ಓಢಣಿ ಹಣೆಯವರೆಗೆ ಎಳೆದಳು, ಕೂತೆ, ಎಲ್ಲರೂ ಬೆವರಿದ್ದಾರೆ, ಅಫ್ತಾಬ ನನ್ನ ಕಣ್ಣು ನೋಡುತ್ತಿದ್ದಾನೆ, ನನ್ನನ್ನಲ್ಲ, ಕಣ್ಣನ್ನು, ಒದ್ದೆಯಾಗಿವೆಯೇ ಎಂದು, ಒದ್ದೆಯಾಗಿಲ್ಲ. ಅವನ ಅಮ್ಮ ಬಟ್ಟಲಿನಿಂದ ಚಿಟಿಕೆ ಸಕ್ಕರೆ ಎತ್ತಿಕೊಂಡರು, ಬಾಯಿ ತೆರಿ ಬೇಟಿ ಎಂದರು, ಬೆರಳು ತುಟಿಯ ಹತ್ತಿರ ಬಂತು, ಸಕ್ಕರೆಯ ವಾಸನೆ ಇರುವುದಿಲ್ಲ ಅನ್ನುತ್ತಾರೆ, ಇರುತ್ತದೆ, ಒಂದು ಕಾಳು ತುಟಿಗೆ ತಾಗಿತು, ನೆಕ್ಕಲಿಲ್ಲ, ಬಾಯಿ ತೆರೆದೆ, ಬಂದದ್ದು ನನ್ನ ದನಿ, ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ, ಅಫ್ತಾಬ, ಅಲ್ಲಿ ಮೊದಲ ಯಾರ ಹೆಸರಿತ್ತೋ ಅದನ್ನ ಒಮ್ಮಿ ಹಾಡ್ರಿ.

ಬೆರಳು ನಿಂತಿದೆ, ಸಕ್ಕರೆ ನಿಂತಿದೆ, ಅವನು ಸ್ಪೀಕರನ್ನು ನೋಡುತ್ತಿದ್ದಾನೆ, ಅಮ್ಮಾ ನನ್ನನ್ನು, ಭಾಭಿ ಅವನನ್ನು, ಎಲ್ಲಾ ಸ್ಟಾಪ್, ಖಾಲಿ, ಆ ಖಾಲಿಯಲ್ಲಿ ನಮ್ಮ ಫ್ಯಾನಿನ ನಿಂತೇ ಇರುವ ಮೂರು ರೆಕ್ಕೆಗಳು, ಒಂದು, ಇನ್ನೊಂದು, ಇನ್ನೊಂದು, ನನ್ನ ಕಿವಿಯೊಳಗೆ ಮಾತ್ರ ಟಕ್, ಒಮ್ಮಿ ಹಾಡ್ರಿ, ಟಕ್